ಕಡಲೂರನ್ನು ಅದರ ಚಳಿಗಾಲ ನೋಡಿ ಆರಿಸಿ

ಹಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆ ಸ್ಥಳ ನೋಡಲೆಂದು ಹರಿಹರಕ್ಕೆ ಹೋಗಿದ್ದೆ. ಅದು ಆಗಸ್ಟ್ ತಿಂಗಳು. ತುಂಗಭದ್ರೆ ಎರಡೂ ದಡ ಮುಟ್ಟಿ ಕೆಂಪಾಗಿ ಹರಿಯುತ್ತಿದ್ದಳು. ಸೇತುವೆಯ ಮೇಲೆ ನಿಂತು ಕ್ಯಾಮೆರಾ ಇಡುವ ಜಾಗವನ್ನು ಗುರುತು ಮಾಡಿಕೊಂಡು ಬಂದೆ. ಚಿತ್ರೀಕರಣಕ್ಕೆ ದಿನ ಕೂಡಿಬಂದದ್ದು ಮುಂದಿನ ಏಪ್ರಿಲ್‌ನಲ್ಲಿ. ಅದೇ ಸೇತುವೆ, ಅದೇ ಜಾಗ. ಆದರೆ ಕೆಳಗೆ ಬಂಡೆ, ಮರಳು, ಅಲ್ಲಲ್ಲಿ ನಿಂತ ನೀರು. ತಪ್ಪು ನದಿಯದಲ್ಲ, ನನ್ನದು. ನಾನು ಸ್ಥಳ ನೋಡಿದ್ದೆ, ತಿಂಗಳು ನೋಡಿರಲಿಲ್ಲ.

ಈ ಹಳೆಯ ಪೇಚು ಮತ್ತೆ ನೆನಪಾದದ್ದು ದಾವಣಗೆರೆಯ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯಿಂದ. ಪದವಿ ಮುಗಿಸಿ ಯೂರೋಪಿನಲ್ಲಿ ಸ್ನಾತಕೋತ್ತರ ಓದು ಮಾಡಬೇಕೆಂಬುದು ಆಕೆಯ ಆಸೆ. ದೊಡ್ಡ ನಗರದ ಗದ್ದಲ ಬೇಡ, ಬಾಡಿಗೆಯೂ ಹೊರೆಯಾಗಬಾರದು; ಆದ್ದರಿಂದ ಪ್ರಶಾಂತವಾದ ಒಂದು ಕಡಲ ತೀರದ ಊರು ಬೇಕು. ಮೂರು ಊರುಗಳ ಚಿತ್ರ ನೋಡಿ ಮೂರನ್ನೂ ಮೆಚ್ಚಿದ್ದಾಳೆ: ವೇಲ್ಸ್‌ನ ಅಬೆರಿಸ್ಟ್‌ವಿತ್, ಪೋರ್ಚುಗಲ್‌ನ ಅವೇರೊ, ಜರ್ಮನಿಯ ಗ್ರೈಫ್ಸ್‌ವಾಲ್ಡ್. 'ಯಾವುದನ್ನು ಆರಿಸಲಿ?' ಎಂಬುದು ಪ್ರಶ್ನೆ. ಮನೆಯವರು ಬ್ಯಾಂಕ್ ಸಾಲಕ್ಕೆ ಓಡಾಡುತ್ತಿದ್ದಾರೆ ಎಂಬ ಮಾತೂ ಜೊತೆಗಿತ್ತು. ಅಂದರೆ ಆಯ್ಕೆ ತಪ್ಪಿದರೆ ಸುಲಭವಾಗಿ ಹಿಂದಿರುಗಿ ಬರುವಂತಿಲ್ಲ.

ನಿಮ್ಮಲ್ಲಿ ಅನೇಕರಿಗೆ ಇದೇ ಪ್ರಶ್ನೆ ಇರಬಹುದು. ಊರಿನ ಹೆಸರು ಹೇಳುವುದಕ್ಕಿಂತ, ಊರನ್ನು ತೂಗಿ ನೋಡುವ ಬಗೆಯನ್ನು ಹೇಳುವುದು ಹೆಚ್ಚು ಉಪಯೋಗವೆಂದು ನನಗನಿಸುತ್ತದೆ.

ಚಿತ್ರದಲ್ಲಿರುವುದು ಜುಲೈ, ನೀವು ಹೋಗುವುದು ಸೆಪ್ಟೆಂಬರ್

ಕಡಲೂರುಗಳ ಚಿತ್ರಗಳನ್ನು ಒಮ್ಮೆ ಗಮನವಿಟ್ಟು ನೋಡಿ. ನೀಲಿ ಆಕಾಶ, ಮರಳಿನ ಮೇಲೆ ಮಕ್ಕಳು, ಅಂಗಡಿಗಳ ಮುಂದೆ ಬಣ್ಣದ ಕೊಡೆಗಳು. ಇವೆಲ್ಲ ಜೂನ್‌ನಿಂದ ಆಗಸ್ಟ್‌ವರೆಗಿನ ನೋಟಗಳು. ಅಲ್ಲಿನ ವಿಶ್ವವಿದ್ಯಾಲಯಗಳ ವರ್ಷ ತೊಡಗುವುದು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ. ನೀವು ಹೋಗಿ ಕೋಣೆ ಹಿಡಿದು, ಪೇಟೆಯ ದಾರಿ ತಿಳಿದುಕೊಳ್ಳುವಷ್ಟರಲ್ಲಿ ನವೆಂಬರ್ ಬಂದಿರುತ್ತದೆ. ಚಿತ್ರದಲ್ಲಿ ಕಂಡ ಬೇಸಿಗೆ ಸಿಗುವುದು ಪಾಠ ಮುಗಿಯುವ ಹೊತ್ತಿಗೆ. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಓದು ಸಾಮಾನ್ಯವಾಗಿ 1 ವರ್ಷ, ಅಂದರೆ ಒಂದು ಚಳಿಗಾಲ. ಜರ್ಮನಿ, ಪೋರ್ಚುಗಲ್‌ಗಳಲ್ಲಿ ಸಾಮಾನ್ಯವಾಗಿ 2 ವರ್ಷ, ಎರಡು ಚಳಿಗಾಲ. ಆದ್ದರಿಂದ ಮೊದಲ ಪ್ರಶ್ನೆ 'ಈ ಊರು ಎಷ್ಟು ಚೆಂದ?' ಎಂಬುದಲ್ಲ, 'ಈ ಊರಿನ ಅತಿ ಕಷ್ಟದ ತಿಂಗಳು ಹೇಗಿರುತ್ತದೆ?' ಎಂಬುದು.

ಬೆಳಕಿನ ಲೆಕ್ಕ

ಚಳಿ ಎಂದೊಡನೆ ನಾವು ಸ್ವೆಟರ್ ಕೊಳ್ಳುತ್ತೇವೆ. ಆದರೆ ಸ್ವೆಟರ್‌ನಿಂದ ತುಂಬಲಾಗದ ಕೊರತೆ ಬೆಳಕಿನದು. ದಾವಣಗೆರೆ, ಹರಿಹರಗಳು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ವರ್ಷದ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 15 ನಿಮಿಷ, ಅತಿ ದೊಡ್ಡ ಹಗಲು ಸುಮಾರು 13 ಗಂಟೆ. ವ್ಯತ್ಯಾಸ ಎರಡು ಗಂಟೆಯೂ ಇಲ್ಲ. ಹಗಲು ಕುಗ್ಗುತ್ತದೆ ಎಂಬುದನ್ನು ನಾವು ಪಾಠದಲ್ಲಿ ಓದುತ್ತೇವೆಯೇ ಹೊರತು ಮೈಗೆ ತಿಳಿದಿರುವುದಿಲ್ಲ.

ಅವೇರೊ ಸುಮಾರು 40.6 ಡಿಗ್ರಿಯಲ್ಲಿದೆ, ಡಿಸೆಂಬರ್ 21ರ ಹೊತ್ತಿಗೆ ಅಲ್ಲಿನ ಹಗಲು ಸುಮಾರು ಒಂಬತ್ತೂಕಾಲು ಗಂಟೆ. ಅಬೆರಿಸ್ಟ್‌ವಿತ್ 52.4 ಡಿಗ್ರಿಯಲ್ಲಿದೆ, ಹಗಲು ಏಳೂವರೆ ಗಂಟೆಗೆ ತುಸು ಹೆಚ್ಚು. ಗ್ರೈಫ್ಸ್‌ವಾಲ್ಡ್ 54 ಡಿಗ್ರಿಯಲ್ಲಿದೆ. ಹಗಲು ಸುಮಾರು ಏಳೂಕಾಲು ಗಂಟೆ. ಬೆಳಗಿನ ತರಗತಿಗೆ ಕತ್ತಲಲ್ಲೇ ಹೊರಟು, ಸಂಜೆಯ ತರಗತಿಯಿಂದ ಕತ್ತಲಲ್ಲೇ ಮರಳುವ ದಿನಗಳಿವು.

ಇರುವ ಬೆಳಕೂ ಓರೆಯಾಗಿ ಬೀಳುತ್ತದೆ. ಡಿಸೆಂಬರ್‌ನ ನಡುಹಗಲಲ್ಲಿ ದಾವಣಗೆರೆಯ ಸೂರ್ಯ ದಿಗಂತದಿಂದ 52 ಡಿಗ್ರಿ ಮೇಲಿದ್ದರೆ, ಅಬೆರಿಸ್ಟ್‌ವಿತ್‌ನ ಸೂರ್ಯ ಏರುವುದು 14 ಡಿಗ್ರಿ ಮಾತ್ರ. ಈ ಎರಡು ಕೋನಗಳ ಸೈನ್ ಬೆಲೆ ಹೋಲಿಸಿ ನೋಡಿ. ಮೋಡವಿಲ್ಲದ ದಿನವೂ ಅಲ್ಲಿನ ಸಮತಟ್ಟು ನೆಲಕ್ಕೆ ನಡುಹಗಲಲ್ಲಿ ಬೀಳುವ ಬೆಳಕು ನಮ್ಮಲ್ಲಿನ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಅತಿನೇರಳೆ ಕಿರಣವೂ ಆಗ ಸಾಲದು. ಅದಕ್ಕಾಗಿಯೇ ಬ್ರಿಟನ್ನಿನ ಆರೋಗ್ಯ ಇಲಾಖೆ ಶರತ್ಕಾಲ, ಚಳಿಗಾಲಗಳಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಸೇವಿಸುವುದನ್ನು ಯೋಚಿಸಿ ಎಂದು ಎಲ್ಲರಿಗೂ ಹೇಳುತ್ತದೆ. ನಮ್ಮಂತೆ ಕಂದು ಚರ್ಮದವರು ವರ್ಷವಿಡೀ ಯೋಚಿಸಬೇಕೆಂಬುದೂ ಆ ಸಲಹೆಯಲ್ಲಿದೆ. ಬೆಳಕು ಕಡಿಮೆಯಾದಾಗ ಕೆಲವರ ನಿದ್ದೆ ಏರುಪೇರಾಗುತ್ತದೆ, ಮನಸ್ಸು ಕುಗ್ಗುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ 'ನನ್ನಲ್ಲೇ ಏನೋ ದೋಷ' ಎಂದು ಕೊರಗದೆ ವೈದ್ಯರ ಸಲಹೆ ಪಡೆಯಬಹುದು.

ಕಡಲು ಹೊದಿಸುವ ಕಂಬಳಿ

ಇಷ್ಟು ಉತ್ತರದಲ್ಲಿದ್ದರೂ ಅಬೆರಿಸ್ಟ್‌ವಿತ್‌ನಲ್ಲಿ ಜನವರಿಯ ಹಗಲು ಸುಮಾರು 8 ಡಿಗ್ರಿ ಇರುತ್ತದೆ. ಅದೇ ಅಕ್ಷಾಂಶದಲ್ಲಿ ಅಟ್ಲಾಂಟಿಕ್‌ನ ಆಚೆ ದಡಕ್ಕೆ ಹೋದರೆ ಕೆನಡಾದ ಲಾಬ್ರಡಾರ್ ಕರಾವಳಿ. ಅಲ್ಲಿ ಚಳಿಗಾಲಕ್ಕೆ ಕಡಲೇ ಹೆಪ್ಪುಗಟ್ಟುತ್ತದೆ. ಈ ಭೇದಕ್ಕೆ ಕಾರಣವೇನು?

ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖದಿಂದ ಸುಮಾರು ಐದು ಕಿಲೋ ಒಣ ಮರಳನ್ನು ಅಷ್ಟೇ ಬಿಸಿ ಮಾಡಬಹುದು. ಮೇ ತಿಂಗಳ ಮಧ್ಯಾಹ್ನ ಹರಿಹರದ ಹೊಳೆಯಲ್ಲಿ ಬರಿಗಾಲಲ್ಲಿ ನಡೆದವರಿಗೆ ಇದು ಗೊತ್ತು: ಮರಳು ಕಾಲು ಸುಡುತ್ತದೆ, ಪಕ್ಕದ ನೀರು ತಣ್ಣಗಿರುತ್ತದೆ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ಶಾಖವನ್ನು ಕಡಲು ಚಳಿಗಾಲದಲ್ಲಿ ಗಾಳಿಗೆ ಬಿಟ್ಟುಕೊಡುತ್ತದೆ. ಅಟ್ಲಾಂಟಿಕ್‌ನಲ್ಲಿ ದಕ್ಷಿಣದ ಬಿಸಿನೀರನ್ನು ಈಶಾನ್ಯಕ್ಕೆ ಒಯ್ಯುವ ಪ್ರವಾಹವೂ ಇದೆ. ಪಶ್ಚಿಮದಿಂದ ಬೀಸುವ ಗಾಳಿ ಆ ಶಾಖವನ್ನು ಯೂರೋಪಿನ ದಡಕ್ಕೆ ತರುತ್ತದೆ. ಲಾಬ್ರಡಾರ್‌ಗೆ ಅದೇ ಪಶ್ಚಿಮದ ಗಾಳಿ ತರುವುದು ಕೆನಡಾದ ನೆಲದ ಚಳಿಯನ್ನು.

ಆದರೆ ಈ ಕಂಬಳಿ ಒದ್ದೆ ಕಂಬಳಿ. ಶಾಖದ ಜೊತೆಗೆ ಮೋಡ, ಮಳೆ, ಬಿರುಗಾಳಿಗಳೂ ಬರುತ್ತವೆ. 2014ರ ಜನವರಿಯ ಆರಂಭದಲ್ಲಿ ಅಬೆರಿಸ್ಟ್‌ವಿತ್‌ನ ಕಡಲ ಮುಂದಿನ ರಸ್ತೆಗೆ ಭಾರಿ ಅಲೆಗಳು ಅಪ್ಪಳಿಸಿದವು. ತೀರದ ಹಾದಿ ಕಿತ್ತುಹೋಯಿತು. ಕಡಲೆದುರಿನ ವಸತಿಗಳಲ್ಲಿದ್ದವರನ್ನು, ವಿದ್ಯಾರ್ಥಿಗಳನ್ನೂ ಸೇರಿಸಿ, ಬೇರೆಡೆಗೆ ಕಳಿಸಬೇಕಾಯಿತು. 'ಕಿಟಕಿ ತೆರೆದರೆ ಸಮುದ್ರ' ಎಂಬ ಜಾಹೀರಾತು ಓದುವಾಗ ಇದೂ ನೆನಪಿರಲಿ.

ಮೂರು ಊರು, ಮೂರು ಬಗೆಯ ಚಳಿಗಾಲ

ಅವೇರೊದಲ್ಲಿ ಜನವರಿಯ ಹಗಲು 14–15 ಡಿಗ್ರಿ. ದಾವಣಗೆರೆಯ ಡಿಸೆಂಬರ್ ಮುಂಜಾವಿನಂತೆ ಎನ್ನಬಹುದು. ಆದರೆ ನಮ್ಮ ಮುಂಗಾರಿಗೆ ತದ್ವಿರುದ್ಧವಾಗಿ ಅಲ್ಲಿ ಮಳೆ ಸುರಿಯುವುದು ಚಳಿಗಾಲದಲ್ಲಿ. ಜುಲೈ, ಆಗಸ್ಟ್ ಒಣ. ಪೋರ್ಚುಗಲ್‌ನ ಹಳೆಯ ಮನೆಗಳಲ್ಲಿ ಕೋಣೆ ಬೆಚ್ಚಗಿಡುವ ಏರ್ಪಾಡು ಇಲ್ಲದಿರುವುದು ಸಾಮಾನ್ಯ. ಹೊರಗಿಗಿಂತ ಒಳಗೇ ಥಂಡಿ, ಗೋಡೆಗೆ ಬೂಷ್ಟು. ಬಾಡಿಗೆ ಮಾತಾಡುವಾಗ ಮೊದಲು ಕೇಳಬೇಕಾದದ್ದು ಇದನ್ನೇ. ಅವೇರೊ ನೇರವಾಗಿ ಕಡಲಿಗೆ ಅಂಟಿಲ್ಲ ಎಂಬುದನ್ನೂ ಗಮನಿಸಿ. ಊರಿರುವುದು ಹಿನ್ನೀರಿನ ದಡದಲ್ಲಿ; ಕಡಲ ಮರಳಿಗೆ ಕೆಲವು ಕಿಲೋಮೀಟರ್ ಹೋಗಬೇಕು.

ಗ್ರೈಫ್ಸ್‌ವಾಲ್ಡ್‌ನ ಕಡಲು ಬಾಲ್ಟಿಕ್. ಇದು ಆಳ ಕಡಿಮೆಯ, ಉಪ್ಪು ಕಡಿಮೆಯ ಸಮುದ್ರ. ಭರತ ಇಳಿತ ಇಲ್ಲವೆನ್ನುವಷ್ಟು ಕಡಿಮೆ. ಕಡು ಚಳಿಯ ವರ್ಷಗಳಲ್ಲಿ ಅಲ್ಲಿನ ಕೊಲ್ಲಿ ಹೆಪ್ಪುಗಟ್ಟುತ್ತದೆ. ಜನವರಿಯ ಸರಾಸರಿ ಸೊನ್ನೆಯ ಆಸುಪಾಸು. ಆದರೆ ಕಟ್ಟಡಗಳೊಳಗೆ ಸಾಮಾನ್ಯವಾಗಿ ಬೆಚ್ಚಗಿರುತ್ತದೆ. ಅಲ್ಲಿನ ವರ್ಷದ ಮಳೆ ಸುಮಾರು 600 ಮಿ.ಮೀ. ದಾವಣಗೆರೆಯದೂ ಹೆಚ್ಚು ಕಡಿಮೆ ಅಷ್ಟೇ! ನಮ್ಮಲ್ಲಿ ಅದು ಕೆಲವು ತಿಂಗಳ ದಪ್ಪ ಹನಿ, ಅಲ್ಲಿ ವರ್ಷವಿಡೀ ಹಂಚಿಹೋದ ತುಂತುರು. ಒಟ್ಟು ಅಂಕಿಯೊಂದನ್ನೇ ನೋಡಿದರೆ ಹೀಗೆ ಮೋಸ ಹೋಗುತ್ತೇವೆ.

ಅಬೆರಿಸ್ಟ್‌ವಿತ್‌ನಲ್ಲಿ ದೊಡ್ಡ ಭರತದ ದಿನಗಳಲ್ಲಿ ನೀರು ನಾಲ್ಕೈದು ಮೀಟರ್ ಏರಿ ಇಳಿಯುತ್ತದೆ. ಕಾರವಾರದ ಕಡಲನ್ನು ಕಂಡವರಿಗೆ ಇದು ಹೊಸದು. ಇಳಿತದಲ್ಲಿ ಬಂಡೆಗಳ ಮೇಲೆ ನಡೆದುಹೋದವರಿಗೆ ಹಿಂದಿರುಗುವ ದಾರಿ ಮುಚ್ಚಿಹೋಗಬಹುದು. ಭರತದ ವೇಳಾಪಟ್ಟಿ ನೋಡದೆ ಇಳಿಯಬೇಡಿ.

ಪ್ರಶಾಂತ ಊರು, ಪಾಳು ಊರು

ಪ್ರಶಾಂತ ಬೇಕು ಎನ್ನುತ್ತೀರಿ. ಎಷ್ಟು ಪ್ರಶಾಂತ? ಬೇಸಿಗೆಯ ಪ್ರವಾಸಿಗರನ್ನೇ ನಂಬಿದ ಊರುಗಳಲ್ಲಿ ಅಕ್ಟೋಬರ್ ಕಳೆದರೆ ಅನೇಕ ಹೋಟೆಲು, ಅಂಗಡಿಗಳು ಬಾಗಿಲು ಹಾಕುತ್ತವೆ, ಬಸ್ಸುಗಳು ವಿರಳವಾಗುತ್ತವೆ. ಅದು ಶಾಂತಿಯಲ್ಲ, ಬಿಕೋ ಎನ್ನುವ ಮೌನ. ಇನ್ನು ಕೆಲವೆಡೆ ಮನೆಯೊಡೆಯರು ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಮಾತ್ರ ವಿದ್ಯಾರ್ಥಿಗಳಿಗೆ ಕೊಟ್ಟು, ಬೇಸಿಗೆಗೆ ಹೆಚ್ಚಿನ ದರದಲ್ಲಿ ಪ್ರವಾಸಿಗರಿಗೆ ಕೊಡುತ್ತಾರೆ. ಕರಾರು ಎಷ್ಟು ತಿಂಗಳದು ಎಂದು ಕೇಳಿ.

ಅಬೆರಿಸ್ಟ್‌ವಿತ್‌ನ ಚರಿತ್ರೆಯೇ ಇಲ್ಲಿ ಪಾಠ ಹೇಳುತ್ತದೆ. 1860ರ ದಶಕದಲ್ಲಿ ರೈಲು ಬಂದಾಗ ಪ್ರವಾಸಿಗರಿಗಾಗಿ ಕಡಲ ದಡದಲ್ಲಿ ದೊಡ್ಡ ಹೋಟೆಲೊಂದನ್ನು ಕಟ್ಟತೊಡಗಿದರು. ಕಟ್ಟಿಸಿದವರು ಸಾಲದಲ್ಲಿ ಮುಳುಗಿದರು. ಆ ಕಟ್ಟಡವನ್ನು ಕೊಂಡು 1872ರಲ್ಲಿ ಅಲ್ಲಿ ಕಾಲೇಜು ತೆರೆದರು. ಅದೇ ಇಂದಿನ ವಿಶ್ವವಿದ್ಯಾಲಯದ ಮೂಲ. ಬೇಸಿಗೆಯ ಅತಿಥಿಗಳು ಉಳಿಸಲಾರದ ಕಟ್ಟಡವನ್ನು ಚಳಿಗಾಲದಲ್ಲೂ ಇರುವ ವಿದ್ಯಾರ್ಥಿಗಳು ಉಳಿಸಿದರು. 1907ರಲ್ಲಿ ಸ್ಥಾಪನೆಯಾದ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯವೂ ಇದೇ ಚಿಕ್ಕ ಊರಿನಲ್ಲಿದೆ. ಗ್ರೈಫ್ಸ್‌ವಾಲ್ಡ್‌ನ ವಿಶ್ವವಿದ್ಯಾಲಯ 1456ರದು, ಅವೇರೊದ್ದು 1973ರದು. ಇಂಥ ಊರುಗಳಲ್ಲಿ ಜನವರಿಯಲ್ಲೂ ಬಸ್ಸು ಓಡುತ್ತದೆ, ಅಂಗಡಿ ತೆರೆದಿರುತ್ತದೆ, ದೀಪ ಉರಿಯುತ್ತಿರುತ್ತದೆ. ಬರೀ ವಿಹಾರದ ಊರಿಗಿಂತ ವಿದ್ಯಾಲಯವಿರುವ ಕಡಲೂರು ಮೇಲು ಎಂಬುದಕ್ಕೆ ಕಾರಣ ಇದು.

ಕಾಗದ, ಊಟ, ಮಾತು

ಪೋರ್ಚುಗಲ್, ಜರ್ಮನಿಗಳು ಷೆಂಗೆನ್ ಒಪ್ಪಂದದ ದೇಶಗಳು, ಬ್ರಿಟನ್ ಅಲ್ಲ. ಷೆಂಗೆನ್‌ನ ಪ್ರವಾಸಿ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಅದಕ್ಕೂ ಹೆಚ್ಚು ಇರಬೇಕಾದರೆ ಆಯಾ ದೇಶದ ದೀರ್ಘಾವಧಿ ವೀಸಾ ಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ನೋಡಿಕೊಳ್ಳೋಣ ಎಂಬ ಸಲಹೆ ಯಾರು ಕೊಟ್ಟರೂ ಕೇಳಬೇಡಿ.

ಹಣದ ಲೆಕ್ಕವೂ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಒಂದು ವರ್ಷದ ಜೀವನ ವೆಚ್ಚಕ್ಕೆ ಹಣವಿದೆಯೆಂದು ವೀಸಾಗೆ ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಲಾಯಿತು. ಇಂಥ ಅಂಕಿಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ದಿನ ರಾಯಭಾರ ಕಚೇರಿ ಹೇಳುವ ಅಂಕಿಯೇ ಅಂತಿಮ.

ಊಟದ ಮಾತು ಚಿಕ್ಕದಲ್ಲ. ಬೆಣ್ಣೆದೋಸೆ, ಮಂಡಕ್ಕಿ-ಮಿರ್ಚಿಯ ಊರಿನಿಂದ ಹೋದ ಸಸ್ಯಾಹಾರಿಗೆ ಅವೇರೊದ ಹೆಸರಾಂತ ಸಿಹಿ ಮೊಟ್ಟೆಯ ಹಳದಿಯದು ಎಂದು ತಿಳಿದಿರಬೇಕು. ಪೋರ್ಚುಗಲ್‌ನ ಸೊಪ್ಪಿನ ಸೂಪಿನಲ್ಲೂ ಮಾಂಸದ ತುಂಡು ಇರಬಹುದು. ಆದರೆ ಅಲ್ಲಿನ 2017ರ ಕಾನೂನಿನಂತೆ ವಿಶ್ವವಿದ್ಯಾಲಯಗಳೂ ಸೇರಿ ಸಾರ್ವಜನಿಕ ಸಂಸ್ಥೆಗಳ ಊಟದ ಮನೆಗಳಲ್ಲಿ ಸಸ್ಯಾಹಾರದ ಆಯ್ಕೆ ಇರಲೇಬೇಕು.

ಮಾತಿನ ವಿಷಯ: ಪಾಠ ಇಂಗ್ಲಿಷಿನಲ್ಲಿದ್ದರೂ ಕಚೇರಿ, ಮನೆಯೊಡೆಯ, ಬಸ್ಸು ಇವೆಲ್ಲ ಪೋರ್ಚುಗೀಸ್ ಅಥವಾ ಜರ್ಮನ್. ವೇಲ್ಸ್‌ನಲ್ಲಿ ಇಂಗ್ಲಿಷ್ ಸಾಕು. ಆದರೆ ಫಲಕಗಳಲ್ಲಿ ವೆಲ್ಷ್ ಭಾಷೆಯೂ ಇರುತ್ತದೆ. ತಮ್ಮ ನುಡಿಯನ್ನು ಅಕ್ಕರೆಯಿಂದ ಉಳಿಸಿಕೊಂಡವರ ಊರದು. ಅವರ ನುಡಿಯಲ್ಲಿ ಒಂದು ನಮಸ್ಕಾರ ಕಲಿತು ಹೋಗಿ.

ಮನೆಗೆ ಫೋನ್ ಮಾಡುವ ಹೊತ್ತನ್ನೂ ಲೆಕ್ಕ ಹಾಕಿ. ಚಳಿಗಾಲದಲ್ಲಿ ಬ್ರಿಟನ್, ಪೋರ್ಚುಗಲ್‌ಗಳು ನಮಗಿಂತ ಐದೂವರೆ ಗಂಟೆ ಹಿಂದೆ. ನೀವು ರಾತ್ರಿ 8ಕ್ಕೆ ಕೋಣೆ ಸೇರಿದಾಗ ದಾವಣಗೆರೆಯಲ್ಲಿ ಅಮ್ಮನಿಗೆ ನಡುರಾತ್ರಿ ಒಂದೂವರೆ. ಮಾತಾಡಲು ಅಲ್ಲಿನ ಮಧ್ಯಾಹ್ನವೇ ಸರಿ.

ನೀವೇ ಹಾಕಬೇಕಾದ ಪಟ್ಟಿ

ಈಗ ಒಂದು ಹಾಳೆ ತೆಗೆದುಕೊಳ್ಳಿ. ಹನ್ನೆರಡು ತಿಂಗಳಿಗೆ ಹನ್ನೆರಡು ಸಾಲು ಎಳೆಯಿರಿ. ಪ್ರತಿ ತಿಂಗಳ ಮುಂದೆ ಹಗಲಿನ ಉದ್ದ, ಉಷ್ಣಾಂಶ, ಮಳೆ ಬೀಳುವ ದಿನಗಳು, ಕೊನೆಯ ಬಸ್ಸು, ಬಾಡಿಗೆ ಇವನ್ನು ಬರೆಯಿರಿ. ಹವಾಮಾನ ಇಲಾಖೆಗಳು ಹಲವು ವರ್ಷಗಳ ಸರಾಸರಿಯನ್ನು ಪ್ರಕಟಿಸುತ್ತವೆ. ಉಳಿದದ್ದನ್ನು ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿ: 'ಜನವರಿಯ ಒಂದು ಭಾನುವಾರ ನಿಮ್ಮ ಊರಿನಲ್ಲಿ ಏನೇನು ತೆರೆದಿರುತ್ತದೆ?' ಉತ್ತರ ಬರುವ ಬಗೆಯಿಂದಲೇ ಊರಿನ ಗುಣ ತಿಳಿಯುತ್ತದೆ.

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದಿಷ್ಟು. ಬೆಳಕು ಮುಖ್ಯವಾದರೆ ಅವೇರೊ. ಆದರೆ ಕೋಣೆಯ ಥಂಡಿ ವಿಚಾರಿಸು. ಇಂಗ್ಲಿಷ್ ಮತ್ತು ಗ್ರಂಥಾಲಯ ಮುಖ್ಯವಾದರೆ ಅಬೆರಿಸ್ಟ್‌ವಿತ್. ಶುಲ್ಕ ಮತ್ತು ಗಾಳಿ ಎರಡಕ್ಕೂ ಸಿದ್ಧಳಾಗು. ಸಾಲದ ಹೊರೆ ಕಡಿಮೆಯಾಗಬೇಕಾದರೆ ಗ್ರೈಫ್ಸ್‌ವಾಲ್ಡ್. ಜರ್ಮನ್ ಕಲಿಕೆಯನ್ನು ಇಂದೇ ಶುರುಮಾಡು. ಪಟ್ಟಿಯಲ್ಲಿ ಜನವರಿಯ ಸಾಲನ್ನು ಓದಿ 'ಇಷ್ಟಾದರೆ ಇರಬಲ್ಲೆ' ಎಂದು ಮನಸ್ಸು ಒಪ್ಪಿದ ಊರೇ ನಿನ್ನದು. ಆ ಸಾಲನ್ನು ಮನೆಯವರಿಗೂ ಓದಿ ಹೇಳಿ, ಆಮೇಲೆ ಸಾಲದ ಅರ್ಜಿಗೆ ಸಹಿ ಹಾಕು.