ನ್ಯಾಯಾಲಯದ ಕಥೆಗಾರ ಸ್ಕಾಟ್ ಟುರೋ

ಕೊಲೆಯ ಕಥೆ ಬರೆಯುವವರಿಗೆ ಕಾನೂನು ತಿಳಿದಿರಲೇಬೇಕೆಂಬ ನಿಯಮವೇನೂ ಇಲ್ಲ. ಪತ್ತೇದಾರಿ ಸಾಹಿತ್ಯದಲ್ಲಿ ಹೆಸರಾದವರ ಪೈಕಿ ಬಹುಮಂದಿ ಕರಿಯ ಕೋಟು ತೊಟ್ಟವರಲ್ಲ. ಆದರೆ ಅಮೆರಿಕದ ಷಿಕಾಗೋ ನಗರದಲ್ಲಿ ವಕೀಲಿ ನಡೆಸಿದ ಸ್ಕಾಟ್ ಟುರೋ ಅವರ ಕಾದಂಬರಿಗಳನ್ನು ಓದುವಾಗ, ಕೊಂದವರು ಯಾರೆಂಬ ಕುತೂಹಲಕ್ಕಿಂತ ಗಹನವಾದ ಮತ್ತೊಂದು ಪ್ರಶ್ನೆ, ನಡೆದದ್ದೇನೆಂಬುದನ್ನು ಅರಿಯುವ ಶಕ್ತಿ ನ್ಯಾಯಾಲಯಕ್ಕೆ ಎಷ್ಟರಮಟ್ಟಿಗೆ ಉಂಟೆಂಬ ಪ್ರಶ್ನೆ, ಓದುಗನನ್ನು ಪುಟಪುಟಕ್ಕೂ ತಡೆದು ನಿಲ್ಲಿಸುತ್ತದೆ. ಆರೋಪಿಸುವ ಪಕ್ಷದಲ್ಲಿಯೂ ರಕ್ಷಿಸುವ ಪಕ್ಷದಲ್ಲಿಯೂ ನಿಂತು ವಾದಿಸಿದ ಅನುಭವವೇ ಆ ಪ್ರಶ್ನೆಯ ಮೂಲವೆಂದು ನನ್ನ ನಂಬಿಕೆ.

1949ರಲ್ಲಿ ಷಿಕಾಗೋದಲ್ಲಿ ಜನಿಸಿದ ಟುರೋ ಮೊದಲು ಹಂಬಲಿಸಿದ್ದು ಸಾಹಿತಿಯಾಗುವುದಕ್ಕೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕಥಾರಚನೆಯನ್ನು ಅಭ್ಯಸಿಸಿ, ಅಲ್ಲಿಯೇ ಕೆಲವು ಕಾಲ ಬೋಧಿಸಿ, ತರುವಾಯ ಹಾರ್ವರ್ಡಿನ ಕಾನೂನು ವಿದ್ಯಾಲಯವನ್ನು ಸೇರಿದರು. ಆ ಮೊದಲ ವರ್ಷದ ವೃತ್ತಾಂತವನ್ನು, ಪದವಿ ಕೈಸೇರುವ ಮುನ್ನವೇ, 1977ರಲ್ಲಿ ‘ಒನ್ ಎಲ್’ ಎಂಬ ಹೆಸರಿನಿಂದ ಪ್ರಕಟಿಸಿದರು. 1978ರಿಂದ 1986ರವರೆಗೆ ಷಿಕಾಗೋದಲ್ಲಿ ಫೆಡರಲ್ ಸರ್ಕಾರದ ವಕೀಲರಾಗಿ ದುಡಿದರು. ಆ ವರ್ಷಗಳಲ್ಲಿ ಮನೆಯಿಂದ ಕಚೇರಿಗೆ ಹೋಗತಕ್ಕ ರೈಲಿನಲ್ಲಿ ದೊರೆತ ಅಲ್ಪಾವಕಾಶದಲ್ಲಿಯೇ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದ ಕಾದಂಬರಿ ‘ಪ್ರಿಸ್ಯೂಮ್ಡ್ ಇನ್ನಸೆಂಟ್’. ಹಗಲೆಲ್ಲ ಆರೋಪ ಹೊರಿಸುವ ವೃತ್ತಿಯಲ್ಲಿದ್ದವರು ಆ ರೈಲಿನಲ್ಲಿ ಕುಳಿತು, ಆರೋಪ ಹೊತ್ತವನ ಬಾಯಿಂದಲೇ ಕಥೆ ಹೇಳಿಸುತ್ತಿದ್ದರು.

1987ರಲ್ಲಿ ಹೊರಬಂದ ಈ ಕಾದಂಬರಿಯ ನಾಯಕ ರಸ್ಟಿ ಸಾಬಿಚ್, ಕಿಂಡಲ್ ಕೌಂಟಿಯೆಂಬ ಕಲ್ಪಿತ ಜಿಲ್ಲೆಯ ಹಿರಿಯ ಸರ್ಕಾರಿ ವಕೀಲ. ನಮ್ಮಲ್ಲಿ ಸರ್ಕಾರಿ ವಕೀಲರನ್ನು ಸರ್ಕಾರ ನೇಮಿಸುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಾದರೋ ಜಿಲ್ಲೆಯ ಮುಖ್ಯ ಸರ್ಕಾರಿ ವಕೀಲನು ಜನರ ಮತ ಪಡೆದು ಗೆದ್ದು ಬರಬೇಕು. ಅಂಥದೊಂದು ಚುನಾವಣೆಯ ಗದ್ದಲದ ನಡುವೆ ಸಹೋದ್ಯೋಗಿಯಾದ ಮಹಿಳೆಯೊಬ್ಬಳ ಕೊಲೆಯಾಗುತ್ತದೆ. ತನಿಖೆಯ ಹೊಣೆ ಹೊತ್ತ ಸಾಬಿಚ್ಚನೇ ಕಡೆಗೆ ಆರೋಪಿಯಾಗಿ ಕಟಕಟೆಯಲ್ಲಿ ನಿಲ್ಲುತ್ತಾನೆ. ಮೃತಳ ಮನೆಯಲ್ಲಿ ದೊರೆತ ಒಂದು ಗಾಜಿನ ಲೋಟದ ಮೇಲೆ ಅವನ ಬೆರಳಚ್ಚಿದೆಯೆಂಬುದು ಪ್ರಬಲವಾದ ಸಾಕ್ಷ್ಯ. ಆದರೆ ವಿಚಾರಣೆಯ ಹೊತ್ತಿಗೆ ಆ ಮುದ್ದೆಮಾಲೇ ಕಾಣೆಯಾಗಿದೆ! ಕಡೆಗೆ ನ್ಯಾಯಾಧೀಶರು ಮೊಕದ್ದಮೆಯನ್ನು ವಜಾ ಮಾಡುತ್ತಾರೆ; ಸತ್ಯವಾದರೋ ಕೋರ್ಟಿನ ಹೊರಗೆ, ಓದುಗನಿಗೆ ಮಾತ್ರ, ಪ್ರಕಟವಾಗುತ್ತದೆ. ಅದೇನೆಂಬುದನ್ನು ಇಲ್ಲಿ ಹೇಳುವುದು ಓದದವರಿಗೆ ಮಾಡುವ ಅನ್ಯಾಯ.

ಇದೇ ಕಾದಂಬರಿಯಲ್ಲಿ ನ್ಯಾಯಾಧೀಶರೊಬ್ಬರ ಹಿಂದಿನ ಲಂಚದ ಛಾಯೆಯೂ ಸುಳಿಯುತ್ತದೆ. ಲೇಖಕರಿಗೆ ಅದು ದೂರದ ಮಾತಾಗಿರಲಿಲ್ಲ. ಷಿಕಾಗೋವನ್ನೊಳಗೊಂಡ ಕುಕ್ ಕೌಂಟಿಯ ನ್ಯಾಯಾಲಯಗಳಲ್ಲಿ ತೀರ್ಪುಗಳು ಮಾರಾಟವಾಗುತ್ತಿದ್ದುದನ್ನು ಬಯಲಿಗೆಳೆದ ‘ಆಪರೇಷನ್ ಗ್ರೇಲಾರ್ಡ್’ ಎಂಬ ಗುಪ್ತ ತನಿಖೆಯಲ್ಲಿ, ಸುಳ್ಳು ಮೊಕದ್ದಮೆಗಳನ್ನು ಹೂಡಿ, ನ್ಯಾಯಾಧೀಶರ ಕೊಠಡಿಯಲ್ಲಿಯೇ ಗುಪ್ತ ಧ್ವನಿಗ್ರಾಹಕವನ್ನಿರಿಸಿ ಪುರಾವೆ ಸಂಗ್ರಹಿಸಲಾಯಿತು. 17 ಮಂದಿ ನ್ಯಾಯಾಧೀಶರ ಮೇಲೆ ಆರೋಪ ದಾಖಲಾಯಿತು. ಆ ಮೊಕದ್ದಮೆಗಳನ್ನು ನಡೆಸಿದ ವಕೀಲರಲ್ಲಿ ಟುರೋ ಒಬ್ಬರು. ಲಂಚ ಕೊಟ್ಟು ಸಿಕ್ಕಿಬಿದ್ದ ವಕೀಲನೊಬ್ಬ ತನ್ನ ಮೈಯಲ್ಲಿ ಧ್ವನಿಗ್ರಾಹಕವನ್ನಡಗಿಸಿಕೊಂಡು ಹಳೆಯ ಸ್ನೇಹಿತರ ಬಳಿಗೆ ಹೋಗಬೇಕಾಗಿ ಬರುವ ಸಂಕಟವನ್ನು 1999ರ ‘ಪರ್ಸನಲ್ ಇಂಜುರೀಸ್’ ಕಾದಂಬರಿಯಲ್ಲಿ ಇವರು ಚಿತ್ರಿಸಿದ್ದಾರೆ.

ಗ್ರಂಥದಿಂದ ಧನವೂ ಕೀರ್ತಿಯೂ ಬಂದ ಮೇಲೆ ವಕೀಲಿಯನ್ನು ತೊರೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಇವರು ತೊರೆಯಲಿಲ್ಲ, ಖಾಸಗಿ ವೃತ್ತಿಯಲ್ಲಿ ಮುಂದುವರಿದು, ಬಹುಪಾಲು ಫೀಜಿಲ್ಲದ ಮೊಕದ್ದಮೆಗಳನ್ನೇ ಕೈಗೆತ್ತಿಕೊಂಡರು. ಅವುಗಳಲ್ಲಿ ಒಂದನ್ನು ವಿವರಿಸಿ ಹೇಳಲೇಬೇಕು. 1983ರಲ್ಲಿ ಷಿಕಾಗೋದ ಹೊರವಲಯದಲ್ಲಿ 10 ವರ್ಷದ ಬಾಲಕಿಯೊಬ್ಬಳ ಭೀಕರ ಹತ್ಯೆ ನಡೆಯಿತು. ಇಬ್ಬರು ಯುವಕರಿಗೆ 1985ರಲ್ಲಿ ಮರಣದಂಡನೆ ವಿಧಿಸಲಾಯಿತು. ಅದೇ ವರ್ಷ ಬೇರೊಬ್ಬ ಕೊಲೆಗಾರನು, ಆ ಕೃತ್ಯವನ್ನು ತಾನೊಬ್ಬನೇ ಎಸಗಿದೆನೆಂಬುದನ್ನು ತನ್ನ ವಕೀಲರ ಮೂಲಕ ಸೂಚಿಸಿದನು. ಆದರೂ ಸರ್ಕಾರದ ಪಕ್ಷವು ತನ್ನ ಹಟವನ್ನು ಬಿಡಲಿಲ್ಲ. ಆ ಯುವಕರಲ್ಲಿ ಒಬ್ಬನು ಮೂರು ಬಾರಿ ವಿಚಾರಣೆಗೊಳಗಾಗಿ, ಮೂರನೆಯ ಬಾರಿ 80 ವರ್ಷಗಳ ಸೆರೆವಾಸಕ್ಕೆ ಗುರಿಯಾದ ಬಳಿಕ, 1991ರಲ್ಲಿ ಅವನ ಮೇಲ್ಮನವಿಯನ್ನು ಟುರೋ ವಹಿಸಿಕೊಂಡರು. 1995ರಲ್ಲಿ ಆ ತೀರ್ಪು ರದ್ದಾಗಿ, ವರ್ಷದ ಕೊನೆಗೆ ಯುವಕನು ಮನೆ ಸೇರಿದನು. ನಿಜವಾದ ಹಂತಕನು ನ್ಯಾಯಾಲಯದಲ್ಲಿ ವಿಧ್ಯುಕ್ತವಾಗಿ ತಪ್ಪೊಪ್ಪಿಕೊಂಡದ್ದು 2009ರಲ್ಲಿ! ಇಂಥ ವಿಪರ್ಯಾಸವನ್ನು ಕಾದಂಬರಿಯಲ್ಲಿ ಬರೆದಿದ್ದರೆ ಅತಿಶಯೋಕ್ತಿಯೆಂದು ನಾವು ದೂರುತ್ತಿದ್ದೆವು.

ಷಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ಮರಣದಂಡನೆ ಮರಳಿ ಜಾರಿಗೆ ಬಂದ ತರುವಾಯ 12 ಮಂದಿಯನ್ನು ಕೊಲ್ಲಲಾಗಿದ್ದು, ಮರಣಶಿಕ್ಷೆ ಪಡೆದಿದ್ದ 13 ಮಂದಿ ನಿರ್ದೋಷಿಗಳಾಗಿ ಬಿಡುಗಡೆ ಹೊಂದಿದ್ದರು. ಈ ಲೆಕ್ಕಕ್ಕೆ ಬೆಚ್ಚಿದ ಗವರ್ನರ್ ಜಾರ್ಜ್ ರಯಾನ್ 2000ದಲ್ಲಿ ಮರಣದಂಡನೆಯ ಜಾರಿಗೆ ತಡೆಯಾಜ್ಞೆ ವಿಧಿಸಿ, ವಿಚಾರಣಾ ಆಯೋಗವೊಂದನ್ನು ನೇಮಿಸಿದರು; ಟುರೋ ಅದರ ಸದಸ್ಯರಾದರು. ಆಯೋಗವು 2002ರಲ್ಲಿ 85 ಶಿಫಾರಸುಗಳನ್ನು ಮುಂದಿಟ್ಟಿತು. ಮರಣದಂಡನೆಯ ವಿಷಯದಲ್ಲಿ ಅನಿಶ್ಚಿತ ಮನಸ್ಸಿನಿಂದಲೇ ಆಯೋಗಕ್ಕೆ ಹೋದ ಇವರು, ಅದು ಕೂಡದೆಂಬ ನಿರ್ಧಾರಕ್ಕೆ ಬಂದ ಬಗೆಯನ್ನು 2003ರ ‘ಅಲ್ಟಿಮೇಟ್ ಪನಿಷ್‌ಮೆಂಟ್’ ಗ್ರಂಥದಲ್ಲಿ ನಿರೂಪಿಸಿದ್ದಾರೆ. 2011ರಲ್ಲಿ ಇಲಿನಾಯ್ ಆ ಶಿಕ್ಷೆಯನ್ನು ತೆಗೆದುಹಾಕಿತು.

ಆಯೋಗದ ವರದಿ ಬಂದ ವರ್ಷವೇ ಪ್ರಕಟವಾದ ‘ರಿವರ್ಸಿಬಲ್ ಎರರ್ಸ್’ ಕಾದಂಬರಿಯಲ್ಲಿ, ಮರಣದಂಡನೆಗೆ ಗುರಿಯಾದವನೊಬ್ಬನ ಕೊನೆಯ ಮೇಲ್ಮನವಿಯನ್ನು ಕೋರ್ಟಿನ ಆಜ್ಞೆಯಿಂದ, ಮನಸ್ಸಿಲ್ಲದೆಯೇ, ವಹಿಸಿಕೊಳ್ಳುವ ವಕೀಲನ ಕಥೆಯಿದೆ. ನನಗೆ ಇದರಲ್ಲಿ ಅತ್ಯಂತ ಪ್ರಿಯವಾದದ್ದು ಎದುರು ಪಕ್ಷದ ಚಿತ್ರಣ. ಕೈದಿಗೆ ಶಿಕ್ಷೆ ಕೊಡಿಸಿದ ಸರ್ಕಾರಿ ವಕೀಲೆಯಾಗಲಿ, ಅವನನ್ನು ಹಿಡಿದು ತಂದ ಪೊಲೀಸ್ ಅಧಿಕಾರಿಯಾಗಲಿ ಅಲ್ಲಿ ಖಳರಲ್ಲ. ತಾವು ಹಿಡಿದವನೇ ಅಪರಾಧಿಯೆಂದು ನಂಬಿ, ಆ ನಂಬಿಕೆಯ ಮೇಲೆ ತಮ್ಮ ಏಳಿಗೆಯನ್ನು ಕಟ್ಟಿಕೊಂಡವರು. ಆ ನಂಬಿಕೆ ಸಾಕ್ಷ್ಯದಿಂದ ಸಾಕ್ಷ್ಯಕ್ಕೆ ಸಡಿಲವಾಗುತ್ತ ಹೋಗುವುದನ್ನು ಅಷ್ಟು ಸಹಾನುಭೂತಿಯಿಂದ ಬರೆಯುವುದು, ಸರ್ಕಾರಿ ವಕೀಲರ ಮೇಜಿನ ಹಿಂದೆ ತಾವೇ 8 ವರ್ಷ ಕುಳಿತಿದ್ದವರಿಗೆ ಸಾಧ್ಯವಾಯಿತು.