ಕುಸುಬೆ: ಗುಣವೂ ಇದೆ, ಎಚ್ಚರವೂ ಬೇಕು

ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಡುವುದನ್ನು ನೀವು ನೋಡಿರುತ್ತೀರಿ. ಅದೇ ಕುಟುಂಬಕ್ಕೆ ಸೇರಿದ ಇನ್ನೊಂದು ಎಣ್ಣೆಕಾಳು ಕುಸುಬೆ. ಉತ್ತರ ಕರ್ನಾಟಕದವರ ಬಾಯಲ್ಲಿ ಇದು ಕುಸುಬಿ. ನಮ್ಮ ಹೊಲಗಳಲ್ಲಿ ಅಪರೂಪವಾದರೂ ಇದು ಎರಡು ದಾರಿಗಳಿಂದ ನಮ್ಮ ಮನೆ ಸೇರುತ್ತದೆ. ಒಂದು, ‘ಹೃದಯಕ್ಕೆ ಹಿತ’ ಎಂದು ಕೊಳ್ಳುವ ಎಣ್ಣೆಯಾಗಿ. ಇನ್ನೊಂದು, ನಮಗೇ ತಿಳಿಯದಂತೆ, ಅಗ್ಗದ ‘ಕೇಸರಿ’ಯಾಗಿ.

ಬಣ್ಣದ ಗಿಡ

ಕುಸುಬೆಯ ಸಸ್ಯಶಾಸ್ತ್ರೀಯ ಹೆಸರು ಕಾರ್ಥಮಸ್ ಟಿಂಕ್ಟೋರಿಯಸ್. ಎರಡನೆಯ ಪದಕ್ಕೆ ಬಣ್ಣ ಕಟ್ಟಲು ಬಳಸುವುದು ಎಂದರ್ಥ. ಸಂಸ್ಕೃತದಲ್ಲಿ ಇದು ಕುಸುಂಭ. ಪ್ರಾಚೀನ ಈಜಿಪ್ಟಿನಲ್ಲಿ ಇದರ ಹೂವಿನಿಂದ ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ಸಮಾಧಿಗಳಲ್ಲಿ ಇದರ ಹೂಮಾಲೆಗಳೂ ಸಿಕ್ಕಿವೆ. ದಳಗಳಲ್ಲಿ ನೀರಿನಲ್ಲಿ ಕರಗುವ ಹಳದಿ ಮತ್ತು ಕ್ಷಾರದಲ್ಲಿ ಕರಗುವ ಕೆಂಪು, ಹೀಗೆ ಎರಡು ಬಣ್ಣಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಸಾಯನಿಕ ಬಣ್ಣಗಳು ಬಂದ ಮೇಲೆ ಬಣ್ಣದ ಬೇಡಿಕೆ ಕುಗ್ಗಿತು, ಎಣ್ಣೆಯೇ ಮುಖ್ಯವಾಯಿತು.

ಕಪ್ಪು ಮಣ್ಣಿನ ಬೆಳೆ

ವಿಜಯಪುರ, ಬಾಗಲಕೋಟೆ, ಕಲಬುರಗಿ, ಗದಗ, ಧಾರವಾಡದ ಎರೆ ಭೂಮಿ ಕುಸುಬೆಯ ತವರು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಿಂಗಾರಿ ಬೆಳೆಯಾಗಿ ಬಿತ್ತುತ್ತಾರೆ. ತಾಯಿಬೇರು ಆಳಕ್ಕಿಳಿದು ಮಣ್ಣಿನಲ್ಲಿ ಉಳಿದ ತೇವವನ್ನೇ ಹೀರುವುದರಿಂದ ಮಳೆ ಕೈಕೊಟ್ಟರೂ ಗಿಡ ತಾಳಿಕೊಳ್ಳುತ್ತದೆ. ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ. ತೇವ ಬೇಗ ಆರುವ ನಮ್ಮ ಕೆಮ್ಮಣ್ಣು ಇದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಮುಳ್ಳಿನ ಗಿಡವಾದ್ದರಿಂದ ದನ ನುಗ್ಗದಂತೆ ಜೋಳದ ಹೊಲದ ಅಂಚಿಗೂ ಬಿತ್ತುವ ರೂಢಿಯಿದೆ. ಅದೇ ಮುಳ್ಳಿನ ಕಾಟದಿಂದ ಬೆಳಗಿನ ಜಾವ, ಮುಳ್ಳು ಮೆತ್ತಗಿರುವಾಗಲೇ ಕಟಾವು ಮಾಡಬೇಕು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಸಂಶೋಧನಾ ಕೇಂದ್ರದ ‘ಅಣ್ಣಿಗೇರಿ-1’ ಹೆಸರಾಂತ ತಳಿ. ಮಹಾರಾಷ್ಟ್ರದ ಫಲ್ಟಣದಲ್ಲಿ ಮುಳ್ಳಿಲ್ಲದ ತಳಿಗಳನ್ನೂ ರೂಪಿಸಿದ್ದಾರೆ.

ಎಣ್ಣೆ ಔಷಧಿಯೇ?

ಸಾಮಾನ್ಯ ಕುಸುಬೆ ಎಣ್ಣೆಯಲ್ಲಿ ಶೇ 70ಕ್ಕೂ ಹೆಚ್ಚು ಭಾಗ ಲಿನೋಲಿಕ್ ಆಮ್ಲ. ಇದು ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ, ಆಹಾರದಿಂದಲೇ ಪಡೆಯಬೇಕಾದ ಕೊಬ್ಬು. ಜೊತೆಗೆ ಇ ಜೀವಸತ್ವವೂ ಧಾರಾಳವಾಗಿದೆ. ತುಪ್ಪ, ಬೆಣ್ಣೆ, ವನಸ್ಪತಿಯ ಬದಲು ಇಂತಹ ಎಣ್ಣೆ ಬಳಸಿದರೆ ರಕ್ತದ ಕೊಲೆಸ್ಟೆರಾಲ್ ಇಳಿಯುತ್ತದೆ.

ಇಷ್ಟಕ್ಕೇ ಇದನ್ನು ಔಷಧಿಯೆಂದು ಭಾವಿಸಬಾರದು. ಆಸ್ಟ್ರೇಲಿಯದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ 458 ಮಂದಿ ಹೃದ್ರೋಗಿ ಪುರುಷರ ಅಧ್ಯಯನ ನಡೆಯಿತು. ಒಂದು ಗುಂಪಿನವರಿಗೆ ಪ್ರಾಣಿಜನ್ಯ ಕೊಬ್ಬಿನ ಬದಲು ಕುಸುಬೆ ಎಣ್ಣೆ ಹಾಗೂ ಅದರಿಂದ ಮಾಡಿದ ಮಾರ್ಗರಿನ್ ಕೊಟ್ಟರು. ಅವರ ಕೊಲೆಸ್ಟೆರಾಲ್ ಇಳಿಯಿತು. ಆದರೆ 2013ರಲ್ಲಿ ಹಳೆಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿದಾಗ, ಆ ಗುಂಪಿನಲ್ಲಿ ಶೇ 17.6 ಮಂದಿ ತೀರಿಕೊಂಡಿದ್ದರೆ ಇನ್ನೊಂದು ಗುಂಪಿನಲ್ಲಿ ಶೇ 11.8 ಮಂದಿ ಎಂಬುದು ಕಂಡುಬಂತು. ಇದೊಂದು ಚಿಕ್ಕ ಅಧ್ಯಯನ. ಇಂತಹ ಎಣ್ಣೆಗಳಿಂದ ಹೃದಯಕ್ಕೆ ಅನುಕೂಲವೇ ಎಂದು ತೋರಿಸಿದ ಅಧ್ಯಯನಗಳೂ ಇವೆ. ಹಾಗಾಗಿ ಹೆದರಬೇಕಿಲ್ಲ. ಒಂದೇ ಎಣ್ಣೆಯನ್ನು ನೆಚ್ಚಿ ಧಾರಾಳವಾಗಿ ಸುರಿಯುವುದು ಜಾಣತನವಲ್ಲ ಎಂಬುದನ್ನಷ್ಟೇ ನೆನಪಿಡಿ.

ಉತ್ತರ ಕರ್ನಾಟಕದ ಊಟ ನೋಡಿ. ಜೋಳದ ರೊಟ್ಟಿಗೆ ಚಟ್ನಿಪುಡಿ, ಅದರ ಮೇಲೆ ಹಸಿ ಕುಸುಬೆ ಎಣ್ಣೆ. ಕುಸುಬೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಒಮೆಗಾ-3 ಕೊಬ್ಬು ಅಗಸೆ ಚಟ್ನಿಪುಡಿಯಿಂದ ಸಿಗುತ್ತದೆ. ಎಳೆಯ ಗಿಡದ ಸೊಪ್ಪಿನಿಂದ ಪಲ್ಯ, ಬೀಜ ರುಬ್ಬಿ ತೆಗೆದ ಹಾಲಿನಿಂದ ಹುಗ್ಗಿಯನ್ನೂ ಮಾಡುತ್ತಾರೆ.

ದಳಗಳ ವಿಷಯದಲ್ಲಿ ಜೋಕೆ

ಒಣಗಿಸಿದ ಕುಸುಬೆ ದಳ ನೋಡಲು ಕೇಸರಿಯಂತೆಯೇ ಇರುತ್ತದೆ. ಆದ್ದರಿಂದ ಕೇಸರಿಗೆ ಇದನ್ನು ಬೆರೆಸಿ, ಕೆಲವೊಮ್ಮೆ ಕೇಸರಿಯೆಂದೇ ಮಾರುತ್ತಾರೆ. ಬಸುರಿ ಹೆಣ್ಣುಮಕ್ಕಳಿಗೆ ಹಾಲಿನಲ್ಲಿ ಕೇಸರಿ ಕೊಡುವ ಮನೆಗಳು ಇದನ್ನು ಗಮನಿಸಬೇಕು. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಈ ದಳಗಳನ್ನು ನಿಂತ ಮುಟ್ಟನ್ನು ಮರಳಿಸಲು ಬಳಸುತ್ತಾರೆ. ಗರ್ಭಿಣಿಯರಿಗೆ ಕೊಡಬಾರದೆಂದೂ ಅಲ್ಲಿ ಹೇಳುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರೂ ದಳದ ಕಷಾಯದಿಂದ ದೂರವಿರಬೇಕು. ನಿಜವಾದ ಕೇಸರಿಯ ಎಳೆ ಒಂದು ತುದಿಯಲ್ಲಿ ತುತ್ತೂರಿಯಂತೆ ಅಗಲವಾಗಿರುತ್ತದೆ. ಕುಸುಬೆಯದು ಸಣ್ಣ ಕೊಳವೆ, ತುದಿಯಲ್ಲಿ ಸೀಳು ಸೀಳು. ಬೆಲೆ ತೀರಾ ಕಡಿಮೆಯಿದ್ದರೆ ಅನುಮಾನಿಸಿ.

ಮನೆಯಲ್ಲಿ ಹೀಗೆ ಮಾಡಿ

* ಹೆಚ್ಚು ಮೈಮುರಿಯದ ಕೆಲಸದವರಿಗೆ ದಿನಕ್ಕೆ ಎಲ್ಲ ಎಣ್ಣೆ, ತುಪ್ಪ ಸೇರಿ ನಾಲ್ಕೈದು ಟೀ ಚಮಚ ಸಾಕು. ಯಾವ ಎಣ್ಣೆಯಾದರೂ ಗ್ರಾಮಿಗೆ 9 ಕ್ಯಾಲೊರಿಯೇ.
* ಬೋಂಡ, ಪೂರಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಕುಸುಬೆಯಂತಹ ಎಣ್ಣೆ ಬೇಗ ಕೆಡುತ್ತದೆ.
* ಕಮಟು ವಾಸನೆ ಬಂದ ಎಣ್ಣೆಯನ್ನು ಚೆಲ್ಲಿ. ಸಣ್ಣ ಬಾಟಲಿ ಕೊಂಡು, ಬಿಸಿಲು ಬೀಳದ ಕಡೆ ಇಡಿ.
* ಕುಸುಬೆ, ಶೇಂಗಾ, ಹುಚ್ಚೆಳ್ಳು ಎಣ್ಣೆಗಳನ್ನು ಸರದಿಯಂತೆ ಬಳಸಿ.
* ಎಣ್ಣೆ ಬದಲಿಸಿದೆನೆಂದು ಹೃದ್ರೋಗದ ಮಾತ್ರೆಗಳನ್ನು ನಿಲ್ಲಿಸಬೇಡಿ; ಮೊದಲು ನಿಮ್ಮ ವೈದ್ಯರನ್ನು ಕೇಳಿ.