ಸಾಲಮನ್ನಾ: ಸಾಲಗಾರನ ಮೇಲೂ ಸಾಲ ಕೊಟ್ಟವನ ಮೇಲೂ ಅದರ ಪರಿಣಾಮ

ಸಾಲವನ್ನು ಮನ್ನಾ ಮಾಡಬೇಕೆ ಬೇಡವೆ ಎಂಬ ವಾದವು ನಮ್ಮ ನಾಡಿನಲ್ಲಿ ಬರಗಾಲದ ವರ್ಷಗಳಲ್ಲಿಯೂ ಚುನಾವಣೆಯ ವರ್ಷಗಳಲ್ಲಿಯೂ ತಪ್ಪದೆ ತಲೆಯೆತ್ತುತ್ತದೆ. ಒಂದು ಪಕ್ಷದವರು ಅದನ್ನು ನ್ಯಾಯವೆನ್ನುವರು. ಮತ್ತೊಂದು ಪಕ್ಷದವರು ದುಂದುಗಾರಿಕೆಯೆನ್ನುವರು. ಆದರೆ 'ಮನ್ನಾ' ಎಂಬ ಒಂದೇ ಮಾತಿನಲ್ಲಿ ಸ್ವಭಾವತಃ ಬೇರೆಬೇರೆಯಾದ ಎರಡು ಕ್ರಮಗಳು ಅಡಗಿವೆ. ಮೊದಲನೆಯದರಲ್ಲಿ ಶಾಸನವು ಸಾಲವನ್ನೇ ಅಳಿಸಿಹಾಕುತ್ತದೆ. ನಷ್ಟವು ಸಾಲ ಕೊಟ್ಟವನಿಗೆ ತಟ್ಟುತ್ತದೆ. ಎರಡನೆಯದರಲ್ಲಿ ಸರ್ಕಾರವು ಸಾಲಗಾರನ ಪರವಾಗಿ ಹಣ ತೆರುತ್ತದೆ; ಹೊರೆಯು ಬೊಕ್ಕಸದ ಮೇಲೆ, ಎಂದರೆ ತೆರಿಗೆ ಕೊಡುವ ಎಲ್ಲರ ಮೇಲೆ ಬೀಳುತ್ತದೆ. ಈ ಭೇದವನ್ನು ಕರ್ನಾಟಕದ ಅನುಭವದಿಂದ ವಿಶದಪಡಿಸುವುದು ಈ ಲೇಖನದ ಉದ್ದೇಶ.

ಮೊದಲನೆಯ ಬಗೆಯನ್ನು ನೋಡೋಣ. 1938ರ ಮದರಾಸು ಕೃಷಿಕರ ಪರಿಹಾರ ಶಾಸನವು ಆಗ ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳಿಗೂ ಅನ್ವಯಿಸಿತು. ಹಳೆಯ ಸಾಲಗಳ ಮೇಲೆ 1937ರ ಅಕ್ಟೋಬರ್ 1ರ ವರೆಗೆ ಉಳಿದಿದ್ದ ಬಡ್ಡಿಯನ್ನು ಅದು ತೊಡೆದುಹಾಕಿತು; ಅಸಲಿನ ಇಮ್ಮಡಿಯಷ್ಟನ್ನು ಆಗಲೇ ತೆತ್ತಿದ್ದವನನ್ನು ಪೂರ್ಣವಾಗಿ ಋಣಮುಕ್ತನನ್ನಾಗಿ ಮಾಡಿತು. ಬಡ್ಡಿಯು ಅಸಲನ್ನು ಮೀರಬಾರದೆಂಬ ಪ್ರಾಚೀನ ಧರ್ಮಶಾಸ್ತ್ರದ ನಿಯಮವೇ ಇಲ್ಲಿ ಹೊಸ ರೂಪವನ್ನು ತಾಳಿತೆನ್ನಬಹುದು.

ಈ ಪರಿಹಾರವು ನ್ಯಾಯವಾದುದೇ. ಆದರೆ ಮುಂದಿನ ಬಿತ್ತನೆಗೆ ಹಣವನ್ನು ಯಾರು ಕೊಡಬೇಕು? 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರು ಪಡೆದ ಸಾಲದಲ್ಲಿ ನೂರಕ್ಕೆ ಸುಮಾರು 70 ಪಾಲು ಲೇವಾದೇವಿಗಾರರದಾಗಿತ್ತು. ಸಹಕಾರ ಸಂಘಗಳದು ಕೇವಲ 3.1. ಹೀಗಿರುವಾಗ ಹಳೆಯ ಸಾಲವನ್ನು ಕಳೆದುಕೊಂಡ ಸಾಹುಕಾರನೇ ಹೊಸ ಸಾಲಕ್ಕೂ ಗತಿಯಾಗಿದ್ದನು. ಅಂಥವನು ಕೈಬಿಗಿಹಿಡಿಯುವುದು, ಹೆಚ್ಚು ಬಡ್ಡಿ ಕೇಳುವುದು, ಸಾಲವನ್ನು ಕ್ರಯಪತ್ರದ ವೇಷದಲ್ಲಿ ಬರೆಯಿಸಿಕೊಳ್ಳುವುದು ಇವೆಲ್ಲ ಸಹಜ.

1975ರ ಇಪ್ಪತ್ತು ಅಂಶಗಳ ಕಾರ್ಯಕ್ರಮದ ತರುವಾಯ, ದೇವರಾಜ ಅರಸು ಅವರ ಸರ್ಕಾರದ ಕಾಲದಲ್ಲಿ, 1976ರ ಕರ್ನಾಟಕ ಋಣಪರಿಹಾರ ಶಾಸನವು ಬಂದಿತು. ಸಣ್ಣ ರೈತರು, ಭೂಹೀನ ಕೃಷಿಕಾರ್ಮಿಕರು, ದುರ್ಬಲ ವರ್ಗದವರು ಇವರ ಖಾಸಗಿ ಸಾಲಗಳು ಅದರಿಂದ ರದ್ದಾದುವು. ಒತ್ತೆಯಿಟ್ಟ ಒಡವೆಗಳನ್ನು ಹಿಂದಿರುಗಿಸಬೇಕಾಯಿತು. ಬ್ಯಾಂಕುಗಳ ಮತ್ತು ಸಹಕಾರ ಸಂಘಗಳ ಸಾಲವನ್ನು ಶಾಸನವು ಮುಟ್ಟಲಿಲ್ಲ. ಸಾಹುಕಾರನು ಬಿಟ್ಟ ಸ್ಥಾನವನ್ನು ಈ ಸಂಸ್ಥೆಗಳು ತುಂಬಬೇಕಾಗಿದ್ದುದರಿಂದ ಅವುಗಳ ಮೂಲಧನವನ್ನು ಕಾಪಾಡುವುದು ಅವಶ್ಯಕವಾಗಿತ್ತು. ಜಮೀನಿನ ಆಧಾರವಿದ್ದವನಿಗೆ ಈ ಸ್ಥಾನಾಂತರವು ಸುಲಭ. ಆಧಾರವಿಲ್ಲದ ಕೂಲಿಯವನಿಗೆ ಬಹು ಕಠಿನ.

ಎರಡನೆಯ ಬಗೆಯಲ್ಲಿ ಸಂಸ್ಥೆಗಳ ಸಾಲವೇ ಮನ್ನಾ ಆಗುತ್ತದೆ. 2008ರ ಕೇಂದ್ರ ಯೋಜನೆಯು ಎರಡು ಹೆಕ್ಟೇರುಗಳವರೆಗಿನ ಹಿಡುವಳಿದಾರರ ಬಾಕಿ ಸಾಲವನ್ನು ಪೂರ್ಣವಾಗಿ ಬಿಟ್ಟುಕೊಟ್ಟಿತು. ಉಳಿದವರು ಮುಕ್ಕಾಲು ಪಾಲನ್ನು ಕಟ್ಟಿದರೆ ಕಾಲು ಪಾಲನ್ನು ಕಳೆಯಿತು. ಕರ್ನಾಟಕ ಸರ್ಕಾರವು 2017ರ ಜೂನ್ ತಿಂಗಳಲ್ಲಿ ಸಹಕಾರ ಸಂಘಗಳ 50,000 ರೂಪಾಯಿವರೆಗಿನ ಬೆಳೆಸಾಲವನ್ನು ಮನ್ನಾ ಮಾಡಿತು. ಅಂದಾಜು ವೆಚ್ಚ 8,165 ಕೋಟಿ ರೂಪಾಯಿ. 2018ರ ಜುಲೈ ತಿಂಗಳ ಆಯವ್ಯಯದಲ್ಲಿ 2 ಲಕ್ಷ ರೂಪಾಯಿವರೆಗಿನ ಮನ್ನಾಕ್ಕೆ 34,000 ಕೋಟಿ ರೂಪಾಯಿಯನ್ನು ಸೂಚಿಸಲಾಯಿತು.

ಇಲ್ಲಿ ಬ್ಯಾಂಕಿಗೆ ಮೇಲ್ನೋಟಕ್ಕೆ ಲಾಭವೇ. ಬಾರದೆಂದು ಬಗೆದಿದ್ದ ಹಣವು ಸರ್ಕಾರದಿಂದ ಬರುತ್ತದೆ. ಆದರೆ ಘೋಷಣೆಗೂ ಹಣ ಕೈಸೇರುವುದಕ್ಕೂ ನಡುವೆ ಕಾಲವಿದೆ. ಪ್ರಾಥಮಿಕ ಸಹಕಾರ ಸಂಘವು ಜಿಲ್ಲಾ ಸಹಕಾರ ಬ್ಯಾಂಕಿನಿಂದಲೂ, ಅದು ರಾಜ್ಯ ಸಹಕಾರ ಬ್ಯಾಂಕಿನಿಂದಲೂ ಹಣ ತಂದು ಸಾಲ ಕೊಡುವುದರಿಂದ, ಕೆಳಗಿನ ಮರುಪಾವತಿ ನಿಂತೊಡನೆ ಮೇಲಿನ ಕಾಲುವೆಯೂ ಬತ್ತುತ್ತದೆ. ಮನ್ನಾ ಬರುವುದೆಂಬ ವದಂತಿಯೇ ಕಟ್ಟಬಲ್ಲವನ ಕೈಯನ್ನೂ ತಡೆಯುತ್ತದೆ. ಸಕಾಲದಲ್ಲಿ ಕಟ್ಟಿದವನಿಗೆ ಅನ್ಯಾಯವಾಗುವುದೆಂಬ ಆಕ್ಷೇಪಣೆಯನ್ನು ಮನಗಂಡೇ 2018ರ ಆಯವ್ಯಯವು ಅಂಥವರಿಗೆ ಕಟ್ಟಿದ ಮೊತ್ತ ಅಥವಾ 25,000 ರೂಪಾಯಿ, ಇವೆರಡರಲ್ಲಿ ಕಡಮೆಯಾದುದನ್ನು ಕೊಡುವುದಾಗಿ ಹೇಳಿತು.

2008ರ ಯೋಜನೆಯನ್ನು ಪರಿಶೀಲಿಸಿದ ಜಿನೆ ಮತ್ತು ಕಾಂಜ್ ಎಂಬ ಅರ್ಥಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಉತ್ಪಾದಕತೆ, ಕೂಲಿಯ ದರ, ಅನುಭೋಗ ಇವುಗಳಲ್ಲಿ ಏಳಿಗೆಯನ್ನು ಕಾಣಲಿಲ್ಲ. ಹೆಚ್ಚು ಮನ್ನಾ ಪಡೆದ ಜಿಲ್ಲೆಗಳಲ್ಲಿ ಮರುಪಾವತಿಯು ಹೆಚ್ಚು ಕುಸಿಯಿತೆಂದೂ, ಬಾಕಿಯ ಏರಿಳಿತವು ಚುನಾವಣೆಯ ಕಾಲಕ್ಕೆ ಅಂಟಿಕೊಂಡಿತೆಂದೂ ತೋರಿಸಿದರು. ಆದರೆ ಮುಖರ್ಜಿ, ಸುಬ್ರಹ್ಮಣ್ಯನ್ ಮತ್ತು ತಂತ್ರಿ ಎಂಬವರ ಅಧ್ಯಯನದಲ್ಲಿ, ನಿಜವಾಗಿ ಸಂಕಟದಲ್ಲಿದ್ದ ರೈತರು ಮನ್ನಾದ ತರುವಾಯ ಸಾಲವನ್ನು ಉತ್ತಮವಾಗಿಯೇ ತೀರಿಸಿದರೆಂದು ಕಂಡುಬಂದಿದೆ. ಇವೆರಡೂ ಪರಸ್ಪರ ವಿರುದ್ಧವಲ್ಲ. ಮಳೆಯಿಲ್ಲದೆ ಕೆಟ್ಟವನಿಗೆ ಮನ್ನಾ ಔಷಧ. ಕಟ್ಟಬಲ್ಲವನಿಗೆ ಅದು ದುರಭ್ಯಾಸದ ಮೂಲ. ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿದಾಗ ಎರಡು ಫಲಗಳೂ ಬೆರೆಯುತ್ತವೆ.

ಇನ್ನು ಬೆಳೆಸಾಲದ ಮನ್ನಾ ಯಾರನ್ನು ಮುಟ್ಟುವುದೇ ಇಲ್ಲವೆಂಬುದನ್ನು ಗಮನಿಸಬೇಕು. ಕನಕಪುರ ರಸ್ತೆಯ ಬದಿಯ ಜರಗನಹಳ್ಳಿಯು ಹಿಂದೆ ಬೆಂಗಳೂರು ದಕ್ಷಿಣ ತಾಲ್ಲೂಕಿನ ಒಂದು ಗ್ರಾಮ, ಇಂದು ಜೆ. ಪಿ. ನಗರಕ್ಕೆ ಹೊಂದಿಕೊಂಡ ಬಡಾವಣೆ. ಹೊಲವಿದ್ದೆಡೆ ಮನೆಗಳೆದ್ದ ಇಂಥ ಊರುಗಳಲ್ಲಿ ಬೆಳೆಸಾಲದ ಮಾತೇ ಇಲ್ಲ. ತಳ್ಳುಗಾಡಿಯ ವ್ಯಾಪಾರಿಗೂ, ಮನೆಗೆಲಸದ ಹೆಂಗಸಿಗೂ, ಕಟ್ಟಡದ ಕೂಲಿಗೂ ಸಾಲವೆಂದರೆ ಗಿರವಿ ಅಂಗಡಿ, ಕೈಸಾಲ, ವಾರದ ಕಂತು. 34,000 ಕೋಟಿಯಲ್ಲಿ ಇಂಥವರ ಪಾಲಿಲ್ಲ. ಇವರಿಗೆ ಅನ್ವಯಿಸಿದುವು ಮೊದಲನೆಯ ಬಗೆಯ ಶಾಸನಗಳೇ: 2019ರ ಜುಲೈ ತಿಂಗಳಲ್ಲಿ ಜಾರಿಗೆ ಬಂದ 2018ರ ಋಣಪರಿಹಾರ ಶಾಸನ, ಮತ್ತು ನೋಂದಣಿಯಿಲ್ಲದ ಲೇವಾದೇವಿಗಾರರು ದುರ್ಬಲರಿಗೆ ಕೊಟ್ಟ ಸಾಲವನ್ನು ತೀರಿತೆಂದೇ ಎಣಿಸಿದ, 2025ರ ಫೆಬ್ರವರಿ ತಿಂಗಳ ಕಿರುಸಾಲ ಸುಗ್ರೀವಾಜ್ಞೆ. ಇವುಗಳಿಂದ ಬೊಕ್ಕಸಕ್ಕೆ ಭಾರವಿಲ್ಲ. ಆದರೆ ಮಗುವಿನ ಕಾಯಿಲೆಗೆಂದು ನಾಳೆ ಐದು ಸಾವಿರ ಬೇಕಾದಾಗ ಬಾಗಿಲು ತೆರೆಯುವವರು ಯಾರೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಆದುದರಿಂದ ಋಣಪರಿಹಾರದ ಬೆಲೆಯನ್ನು ಅಳಿಸಿದ ಮೊತ್ತದಿಂದ ಅಳೆಯುವುದು ಸಾಲದೆಂದು ನಮ್ಮ ಅಭಿಪ್ರಾಯ. ನಷ್ಟವನ್ನು ಹೊತ್ತವರು ಯಾರು, ಸಂಕಟದಲ್ಲಿದ್ದವನನ್ನು ಬೇರ್ಪಡಿಸಿ ಗುರುತಿಸಲಾಯಿತೆ, ಮುಂದಿನ ಸಾಲವು ಅವನಿಗೆ ಯಾವ ಬಡ್ಡಿಗೆ ಯಾರಿಂದ ದೊರೆಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಬೆಳೆವಿಮೆ, ಬರದ ವರ್ಷದಲ್ಲಿ ಕಂತಿನ ಮುಂದೂಡಿಕೆ, ಆಧಾರವಿಲ್ಲದವರಿಗೂ ಸಾಲ ಕೊಡುವ ಸಹಕಾರ ಸಂಘ ಇವುಗಳು ಬಲವಾಗಿರುವಲ್ಲಿ ಮನ್ನಾದ ಅವಶ್ಯಕತೆಯು ತಾನಾಗಿ ಕಡಮೆಯಾಗುವುದು. ಮೂರನೆಯ ಪ್ರಶ್ನೆಗೆ ಉತ್ತರವನ್ನು ಹಳ್ಳಿಗಳಲ್ಲಿಯೂ ಜರಗನಹಳ್ಳಿಯಂಥ ಬಡಾವಣೆಗಳಲ್ಲಿಯೂ ಮನೆಮನೆಯಿಂದ ಸಂಗ್ರಹಿಸುವ ಕಾರ್ಯವು ನಮ್ಮ ವಿದ್ಯಾರ್ಥಿಗಳಿಗೆ ತಕ್ಕುದಾಗಿದೆ.